ಅಡಿಯೂ ಮೀಟರೂ ಒಂದೇ ಮನೆಯಲ್ಲಿ

ಮಳೆಗಾಲದಲ್ಲಿ ಬೆಳಗಿನ ಪತ್ರಿಕೆಯು ಬಂದೊಡನೆ ನಮ್ಮ ಕಡೆಯ ಗೃಹಸ್ಥರು ಮೊದಲು ನೋಡುವುದು ಜಲಾಶಯಗಳ ಮಟ್ಟವನ್ನು. ಕನ್ನಂಬಾಡಿಯ ಕೃಷ್ಣರಾಜಸಾಗರವು ತುಂಬಿತೆಂದರೆ 124.80 ಅಡಿ, ಹೊಸಪೇಟೆಯ ಬಳಿಯ ತುಂಗಭದ್ರೆಯ ಜಲಾಶಯವು ತುಂಬಿತೆಂದರೆ 1633 ಅಡಿ, ಅದೇ ಅಂಕಣದಲ್ಲಿ ಕೃಷ್ಣೆಯ ಆಲಮಟ್ಟಿಯು ತುಂಬಿತೆಂದರೆ 519.60 ಮೀಟರು. ಒಳಹರಿವನ್ನು ಹೇಳುವುದು ಕ್ಯೂಸೆಕ್ಕಿನಲ್ಲಿ, ಎಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ಎಂದು. ಸಂಗ್ರಹವನ್ನು ಹೇಳುವುದು ಟಿ.ಎಂ.ಸಿ.ಯಲ್ಲಿ, ಎಂದರೆ ನೂರು ಕೋಟಿ ಘನ ಅಡಿಗಳ ಲೆಕ್ಕದಲ್ಲಿ. ಆ ನೀರನ್ನು ತಂದ ಮಳೆಯ ಲೆಕ್ಕವು ಮಾತ್ರ ಮಿಲಿಮೀಟರಿನಲ್ಲಿ. ಆಕಾಶದಿಂದ ಬೀಳುವಾಗ ಮಿಲಿಮೀಟರಾಗಿದ್ದ ನೀರು ಅಣೆಕಟ್ಟನ್ನು ಸೇರುವ ಹೊತ್ತಿಗೆ ಅಡಿಯಾಗಿ, ನಮ್ಮ ಮನೆಯ ನಲ್ಲಿಗೆ ಬರುವ ಹೊತ್ತಿಗೆ ಮತ್ತೆ ಲೀಟರಾಗುವುದು!

ಇದನ್ನು ಪತ್ರಿಕೆಯವರ ಅಸಡ್ಡೆಯೆಂದು ತಿಳಿಯಬಾರದು. ಕೃಷ್ಣರಾಜಸಾಗರದ ಕೆಲಸವು ಆರಂಭವಾದುದು 1911ರಲ್ಲಿ. ಅಂದು ನಮ್ಮ ಎಂಜಿನಿಯರುಗಳ ಕೈಯಲ್ಲಿದ್ದ ಮಾನವು ಅಡಿಯೇ. ಆಲಮಟ್ಟಿಯು ಮೀಟರು ಬಂದ ಮೇಲಿನ ಸಂತಾನ. ಮೇಲಾಗಿ ಕನ್ನಂಬಾಡಿಯ ಅಡಿಗಳನ್ನು ನದಿಯ ತಳದ ಕಡೆಯಿಂದ ಎಣಿಸುವರು, ತುಂಗಭದ್ರೆಯ ಅಡಿಗಳನ್ನು ಸಮುದ್ರಮಟ್ಟದಿಂದ. ಆದಕಾರಣ ಒಂದು 124 ಆಗಿ ಇನ್ನೊಂದು 1633 ಆಗಿರುವುದನ್ನು ಕಂಡು ಬೆರಗಾಗಬೇಕಾದುದಿಲ್ಲ. ಕಾವೇರಿಯ ವ್ಯಾಜ್ಯದಲ್ಲಿ 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ತೀರ್ಪಿತ್ತಾಗ, ತಮಿಳುನಾಡಿಗೆ ಬಿಡತಕ್ಕ ನೀರನ್ನು 177.25 ಟಿ.ಎಂ.ಸಿ. ಎಂದೇ ನಿರ್ಣಯಿಸಿತು. ಒಂದು ಟಿ.ಎಂ.ಸಿ. ಎಂದರೆ ಸುಮಾರು 2,831 ಕೋಟಿ ಲೀಟರು. ಹಾಗೆ ಹೇಳಿದರೆ ಮಂಡ್ಯದ ರೈತನಿಗೆ ಏನೂ ಹೊಳೆಯದು. 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿ.ಎಂ.ಸಿ.ಯಾಯಿತೆಂದರೆ ಥಟ್ಟನೆ ತಿಳಿಯುವುದು.

ಹೊಳೆಯ ಮಾತು ಹಾಗಿರಲಿ, ಮನೆಯೊಳಗೆ ಬರೋಣ. ನಮ್ಮ ಮನೆಯಿರುವ ನಿವೇಶನವು ಮೂವತ್ತು ನಲವತ್ತರದು; ಚದರ ಅಡಿಯಲ್ಲಿ 1200, ಚದರ ಮೀಟರಿನಲ್ಲಿ ಸುಮಾರು 111.5. ಬಟ್ಟೆಯನ್ನು ಮೀಟರಿನಲ್ಲಿ ಕೊಂಡು, ದರ್ಜಿಯ ಬಳಿ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಬರೆಯಿಸುವೆವು. ಮೈಯ ತೂಕವು ಕಿಲೋಗ್ರಾಮಿನಲ್ಲಿ, ಎತ್ತರವು ಅಡಿಯಲ್ಲಿ. ಅಕ್ಕಿಯು ಅಂಗಡಿಯಲ್ಲಿ ಕಿಲೋ, ಒಲೆಯ ಬಳಿ ಪಾವು. ಹೂವು ಮೊಳ ಅಥವಾ ಮಾರು. ಆ ಮೊಳವೂ ಹೂವಾಡಗಿತ್ತಿಯ ಕೈಯ ಉದ್ದವನ್ನು ಅನುಸರಿಸಿದ್ದು. ಮಗನ ಕಾರಿನ ಟೈರಿನ ಮೇಲೆ 185/65 ಆರ್ 15 ಎಂಬ ಬರಹವಿದೆ. ಅದರಲ್ಲಿ 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 15 ಎಂಬುದು ಒಳಚಕ್ರದ ವ್ಯಾಸ, ಇಂಚಿನಲ್ಲಿ. ಫ್ರಾನ್ಸಿನಿಂದ ಬಂದ ಮಾನವೂ ಇಂಗ್ಲೆಂಡಿನಿಂದ ಬಂದ ಮಾನವೂ ಒಂದೇ ರಬ್ಬರಿನ ಮೇಲೆ ಜಗಳವಿಲ್ಲದೆ ಉರುಳುತ್ತಿವೆ.

ಶಾಸನವೇನೋ ಎಂದೋ ಆಗಿಹೋಗಿದೆ. ತೂಕ ಮತ್ತು ಅಳತೆಗಳ ಪ್ರಮಾಣ ಶಾಸನವು ನಮ್ಮ ದೇಶದಲ್ಲಿ 1956ರಲ್ಲಿ ಆಯಿತು. 1957ರ ಏಪ್ರಿಲ್ 1ರಂದು ರೂಪಾಯಿಯ ಹದಿನಾರಾಣೆಯು ಹೋಗಿ ನೂರು ನಯಾಪೈಸೆಗಳು ಬಂದವು. ಮರುವರ್ಷದಿಂದ ಸೇರು ಮಣಗಳ ಸ್ಥಾನಕ್ಕೆ ಗ್ರಾಂ ಕಿಲೋಗಳು ಹಂತಹಂತವಾಗಿ ಬಂದವು. ಈಗ ನಡೆಯುತ್ತಿರುವುದು 2009ರ ಶಾಸನ. ಅದು 2011ರಲ್ಲಿ ಜಾರಿಗೆ ಬಂದಿತು. ವ್ಯಾಪಾರಕ್ಕೆ ಮೆಟ್ರಿಕ್ ಮಾನವೇ ಅಧಿಕೃತವೆಂಬುದು ಅದರ ತಾತ್ಪರ್ಯ. ಆದರೂ ಜನರ ನಾಲಗೆಯನ್ನು ಶಾಸನವು ಅಷ್ಟು ಬೇಗನೆ ತಿದ್ದಲಾರದು.

ಹಾಗೆಂದು ಹಿಂದಿನವರಲ್ಲಿ ಒಂದೇ ಮಾನವಿತ್ತೆಂದು ಭಾವಿಸುವುದೂ ಸರಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನಲ್ಲಿಯೇ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದುದನ್ನು ವಾಚಕರು ಬಲ್ಲರು. ಅದರಲ್ಲಿ ಅಂಗುಲಕ್ಕೇ ಎರಡು ಲಕ್ಷಣಗಳುಂಟು: ಎಂಟು ಯವೆಕಾಳುಗಳ ಅಗಲವೆಂದೊಂದು, ಮಧ್ಯಮಗಾತ್ರದ ಪುರುಷನ ನಡುಬೆರಳಿನ ನಡುವಿನ ಅಗಲವೆಂದಿನ್ನೊಂದು. ದಂಡಕ್ಕೆ 96 ಅಂಗುಲವಾದರೆ, ದಾರಿ ಮತ್ತು ಕೋಟೆಗೋಡೆಗಳನ್ನು ಅಳೆಯುವ ಧನುಸ್ಸಿಗೆ 108 ಅಂಗುಲ. ಹಗ್ಗವನ್ನೂ ಅಗೆದ ಹಳ್ಳವನ್ನೂ ಅಳೆಯುವ ವ್ಯಾಮಕ್ಕೆ 84. ಒಂದೊಂದು ಕೆಲಸಕ್ಕೆ ಒಂದೊಂದು ಮಾನ. ಆದರೆ ಪ್ರತಿಯೊಂದಕ್ಕೂ ಒಂದೊಂದು ಹೆಸರು. ತೂಕದ ಕಲ್ಲುಗಳನ್ನು ನಾಲ್ಕು ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆಯೊತ್ತಿಸಬೇಕೆಂಬ ವಿಧಿಯೂ ಅಲ್ಲಿದೆ. ಇಪ್ಪತ್ತನಾಲ್ಕು ಅಂಗುಲದ ಹಸ್ತವು ಸುಮಾರು ಹದಿನೆಂಟು ಇಂಚಾಗುವುದರಿಂದ ಆ ಅಂಗುಲವು ಇಂಚಿನ ಮುಕ್ಕಾಲುಭಾಗ ಮಾತ್ರ. ನಮ್ಮ ಹಳೆಯ ಪಠ್ಯಪುಸ್ತಕಗಳು ಇಂಚನ್ನೇ ಅಂಗುಲವೆಂದು ಕರೆದು ಎಷ್ಟು ಹುಡುಗರ ತಲೆಯನ್ನು ಕೆಡಿಸಿದವೋ!

ನಮ್ಮ ಅಜ್ಜಿಯು ಕೊನೆಯವರೆಗೂ ಹಿತ್ತಾಳೆಯ ಪಾವನ್ನು ಬಿಡಲಿಲ್ಲ. ಕಿಲೋ ಎಂದರೇನೆಂದು ನಾವು ಶಾಲೆಯಲ್ಲಿ ಹೊಸದಾಗಿ ಕಲಿತು ಬಂದು ಆಕೆಗೆ ಬೋಧಿಸಹೋದಾಗ, “ಸೇರಿನ ಮೇಲೊಂದು ಹಿಡಿ ಹಾಕಿದರೆ ನಿನ್ನ ಕಿಲೋ ಆಯಿತು, ಹೋಗೋ” ಎಂದುಬಿಟ್ಟಳು. ಎಂಬತ್ತು ತೊಲದ ಸರ್ಕಾರಿ ಸೇರಿಗೆ 933 ಗ್ರಾಂ. ಉಳಿದ 67 ಗ್ರಾಂ ಅಕ್ಕಿಯು ಒಂದು ದೊಡ್ಡ ಹಿಡಿಯೇ ಸರಿ. ಆಕೆಯ ಲೆಕ್ಕದಲ್ಲಿ ನಾವು ಇಂದಿಗೂ ದೋಷವನ್ನು ಕಂಡಿಲ್ಲ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರೆಂಬಲ್ಲಿ ಪಾವು ಎಷ್ಟು ದೊಡ್ಡದೆಂಬುದು ಅನ್ನಕ್ಕೆ ಬೇಕಿಲ್ಲ. ಅಳೆದ ಪಾತ್ರೆಯು ಒಂದೇ ಆಗಿದ್ದರೆ ಸಾಕು. ಇಂಥ ಕಡೆ ಹಳೆಯ ಮಾನವಿದ್ದರೆ ಯಾರಿಗೂ ಹಾನಿಯಿಲ್ಲ.

ಹಾನಿಯಿರುವುದು ಹೆಸರು ಉಳಿದು ಪದಾರ್ಥವು ಬದಲಾದಲ್ಲಿ, ಅಥವಾ ಹೆಸರೇ ಬಿಟ್ಟುಹೋಗಿ ಬರಿಯ ಅಂಕೆಯು ಉಳಿದಲ್ಲಿ. ಮೊದಲನೆಯದಕ್ಕೆ ಚಿನ್ನವೇ ಸಾಕ್ಷಿ. ತೊಲವೆಂದರೆ 11.66 ಗ್ರಾಂ. ಈಗ ಹಲವೆಡೆ ಹತ್ತು ಗ್ರಾಮನ್ನೇ ತೊಲವೆನ್ನುವುದು ವಾಡಿಕೆಯಾಗಿದೆ. ನಮ್ಮ ಬಂಧುಗಳ ಮನೆಯೊಂದರಲ್ಲಿ ತಾಯಿಯ ಒಡವೆಗಳನ್ನು ಹಂಚಿಕೊಳ್ಳುವಾಗ, ಹಳೆಯ ಪಟ್ಟಿಯಲ್ಲಿ ಆರು ತೊಲವೆಂದಿದ್ದ ಸರವು ತಕ್ಕಡಿಯಲ್ಲಿ ಎಪ್ಪತ್ತು ಗ್ರಾಂ ತೂಗಿತು. ಆರು ತೊಲವೆಂದರೆ ಅರವತ್ತೇ ಗ್ರಾಂ ಎಂದು ನಂಬಿದ್ದ ತಂಗಿಯು, ಹತ್ತು ಗ್ರಾಂ ಚಿನ್ನವನ್ನು ಅಕ್ಕನು ಪಟ್ಟಿಯಲ್ಲಿ ಅಡಗಿಸಿದಳೆಂದು ಒಂದು ವರ್ಷ ಮಾತು ಬಿಟ್ಟಳು. ಹಳೆಯ ತೊಲದ ಲೆಕ್ಕವನ್ನು ಮಾಡಿ ತೋರಿಸಿದ ಮೇಲೆ ಮಾತು ಬಂದಿತು. ಆದರೆ ಮೊದಲಿನ ಸಲಿಗೆಯು ಬಂದಿತೆಂದು ಹೇಳಲಾರೆವು.

ಎರಡನೆಯದಕ್ಕೆ ನಾವೇ ಸಾಕ್ಷಿ. ಅಡಿಗೆಮನೆಯ ಕಟ್ಟೆಗೆ ಕಪ್ಪುಕಲ್ಲಿನ ಚಪ್ಪಡಿಯನ್ನು ಹಾಕಿಸಬೇಕಾಗಿದ್ದಿತು. ಉದ್ದವು ನಾಲ್ಕಡಿ ಹತ್ತಿಂಚು. ನಾವು ಚೀಟಿಯಲ್ಲಿ 4.10 ಎಂದು ಬರೆದುಕೊಟ್ಟೆವು. ಎತ್ತರವನ್ನು ಹೇಳುವಾಗಲೂ ಬಾಗಿಲಿನ ಅಳತೆಯನ್ನು ಕೊಡುವಾಗಲೂ ಹೀಗೆಯೇ ಬಿಂದುವನ್ನಿಟ್ಟು ಬರೆಯುವುದು ನಮ್ಮೆಲ್ಲರ ಅಭ್ಯಾಸವಷ್ಟೆ. ಕಲ್ಲು ಕತ್ತರಿಸುವ ಯಂತ್ರವು ಮಿಲಿಮೀಟರಿನದು. ಅಲ್ಲಿಯ ಹುಡುಗನು 4.10 ಎಂಬುದನ್ನು ಲೆಕ್ಕದ ಯಂತ್ರಕ್ಕೆ ಕೊಟ್ಟು, ಅಡಿಗೆ 304.8ರಂತೆ ಗುಣಿಸಿ, 1250 ಮಿಲಿಮೀಟರಿಗೆ ಕೊಯ್ದನು. ಆಗಬೇಕಾಗಿದ್ದುದು 1473. ಹೆಚ್ಚುಕಡಮೆ ಒಂಬತ್ತಿಂಚು ಕಲ್ಲು ಮೋಟಾಯಿತು! ದಶಮಾಂಶ ಬಿಂದುವಿನ ಬಲಕ್ಕೆ ಮೊದಲು ಬರುವ ಅಂಕೆಯು ಹತ್ತರ ಭಾಗ; ಇಂಚಾದರೋ ಅಡಿಯ ಹನ್ನೆರಡರ ಭಾಗ. 4.10 ಎಂಬುದು ಯಂತ್ರಕ್ಕೆ ನಾಲ್ಕೂ ಹತ್ತನೆಯ ಒಂದು ಮಾತ್ರ. ನಾಲ್ಕಡಿ ಒಂಬತ್ತಿಂಚೆಂಬ 4.9ಕ್ಕಿಂತ ಅದು ಕಿರಿದು. ನಾವು ಕೋಪದಿಂದ ಹೋದಾಗ ಆ ಹುಡುಗನು ವಿನಯದಿಂದಲೇ, “ಮೇಷ್ಟ್ರೇ, ಚೀಟಿ ನೀವೇ ಬರೆದದ್ದು” ಎಂದು ಅದನ್ನು ಮುಂದಿಟ್ಟನು. ಹಣವನ್ನು ಕೊಟ್ಟು ಮೋಟುಕಲ್ಲನ್ನು ಮನೆಗೆ ತಂದೆವು.

ಪಹಣಿಯಲ್ಲಿಯೂ ಇದೇ ಬಿಂದುವಿನ ಕಾಟವುಂಟು. ಒಂದು ಎಕರೆಗೆ ನಲವತ್ತು ಗುಂಟೆ. ಗುಂಟೆಯೆಂದರೆ ಮೂವತ್ತುಮೂರು ಅಡಿ ಚೌಕ, 1089 ಚದರ ಅಡಿ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು 1.20 ಎಂದು ಬರೆದರೆ ಅದು ಒಂದೂವರೆ ಎಕರೆಯೇ ಹೊರತು ಒಂದೂಕಾಲಿಗಿಂತ ಕಡಮೆಯಾದ ಭೂಮಿಯಲ್ಲ. ಪಟ್ಟಣದಲ್ಲಿ ಬೆಳೆದು ಹೊಲಗದ್ದೆಗಳನ್ನು ಕಾಣದ ಮಕ್ಕಳು ಪಿತ್ರಾರ್ಜಿತವನ್ನು ಮಾರಹೊರಟಾಗ ಈ ಮಾತನ್ನು ಮೊದಲು ತಿಳಿದಿರತಕ್ಕದ್ದು. ಕೊಳ್ಳುವವನು ಇದನ್ನು ಬಲ್ಲನು. ತಾನಾಗಿ ಹೇಳುವನೆಂದು ನಂಬುವಂತಿಲ್ಲ.

ಕಲ್ಲು ಹೋದರೆ ಹಣ ಹೋಯಿತು. ಹಣವು ಸಾಲದ ಪ್ರಸಂಗವೊಂದನ್ನು ಇಲ್ಲಿ ಹೇಳಬೇಕಾಗಿದೆ. ಎರಡು ವರ್ಷಗಳ ಹಿಂದೆ ಮಗನೂ ಸೊಸೆಯೂ ಮದುವೆಯೊಂದಕ್ಕೆ ಹೋಗಿ, ಆರು ವರ್ಷದ ಮೊಮ್ಮಗನನ್ನು ನಮ್ಮ ಬಳಿ ಬಿಟ್ಟಿದ್ದರು. ಸಂಜೆಗೆ ಹುಡುಗನು ಮಂಕಾದನು. ಪಾದರಸದ ಹಳೆಯ ಜ್ವರಮಾಪಕವು ಒಡೆದುಹೋಗಿತ್ತು, ಮಗನು ತಂದಿಟ್ಟಿದ್ದ ಹೊಸದನ್ನು ನಮ್ಮ ಮನೆಯವರು ಕಂಕುಳಲ್ಲಿಟ್ಟು ನೋಡಿ, “ಇದು ಕೆಟ್ಟಿರುವಂತೆ ಕಾಣುತ್ತದೆ, ನೋಡಿ, ತೊಂಬತ್ತನ್ನೂ ಮುಟ್ಟಲಿಲ್ಲ” ಎಂದರು. ಅದರಲ್ಲಿ 38.9 ಎಂದಿದ್ದಿತು. ಸಂಸ್ಕೃತವು ನಮ್ಮ ವಿಷಯವಾದರೂ ಹಳ್ಳಿಯ ಶಾಲೆಯಲ್ಲಿ ಗಣಿತವನ್ನೂ ಹೇಳಿಕೊಟ್ಟವರು ನಾವು; ಮೂವತ್ತೆರಡನ್ನು ಕಳೆದು ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸಿರೆಂದು ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದೆವೋ ಲೆಕ್ಕವಿಲ್ಲ. ಅಂಥ ನಾವು ಆ ಯಂತ್ರವನ್ನು ತೆಗೆದುಕೊಂಡು, ಹಳೆಯದನ್ನು ಕೊಡಹುವಂತೆ ಎರಡು ಬಾರಿ ಕೊಡಹಿ, ಹೌದು ಕೆಟ್ಟಿದೆಯೆಂದು ಡಬ್ಬಿಯೊಳಗಿಟ್ಟೆವು!

ಮೈ ಬಿಸಿಯಾಗಿಯೇ ಇದ್ದಿತು. ಮಕ್ಕಳ ಮೈ ಹಾಗೆಯೇ ಎಂದುಕೊಂಡು ಕಷಾಯವನ್ನು ಕೊಟ್ಟು ಮಲಗಿಸಿದೆವು. ರಾತ್ರಿ ಹನ್ನೊಂದರ ಹೊತ್ತಿಗೆ ಹುಡುಗನು ಏನೇನೋ ಬಡಬಡಿಸತೊಡಗಿದನು. ನೆರೆಮನೆಯಲ್ಲಿ ಆಸ್ಪತ್ರೆಯ ದಾದಿಯೊಬ್ಬರಿದ್ದರು. ಅವರನ್ನು ಎಬ್ಬಿಸಿ ಕರೆತಂದೆವು. ನಾವು ಕೆಟ್ಟಿದೆಯೆಂದ ಯಂತ್ರವನ್ನೇ ಅವರು ಮತ್ತೆ ಇಟ್ಟು ನೋಡಿದರು: 39.6. “ಮೇಷ್ಟ್ರೇ, ಇದು ಸೆಂಟಿಗ್ರೇಡು. ನೂರಮೂರು ದಾಟಿದೆ. ಈಗಲೇ ಹೊರಡಿ” ಎಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಔಷಧದ ಚೀಟಿಯ ಹಿಂಬದಿಯಲ್ಲಿ ನಾವು ಲೆಕ್ಕವನ್ನು ಮಾಡಿದೆವು. ಸಂಜೆಯ 38.9 ಎಂದರೆ ಸರಿಯಾಗಿ ನೂರೆರಡು. ಅಂಕೆಯ ಪಕ್ಕದಲ್ಲಿ ಸಾಸಿವೆಯಷ್ಟು ಚಿಕ್ಕದಾಗಿ ಆಂಗ್ಲದ ‘ಸಿ’ ಅಕ್ಷರವಿದ್ದಿತು; ಅದನ್ನು ನಾವಿಬ್ಬರೂ ನೋಡಿರಲಿಲ್ಲ. ಐದು ಗಂಟೆಗಳ ಹೊತ್ತು ಕಳೆದುಹೋಗಿದ್ದಿತು. ದೈವಕೃಪೆಯಿಂದ ಮಗುವು ಮೂರನೆಯ ದಿನ ಎದ್ದು ಕುಳಿತನು. ಸೊಸೆಯು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿದ್ದಿತು.

ಈಗ ಆ ಡಬ್ಬಿಯ ಮುಚ್ಚಳದ ಮೇಲೆ ಒಂದು ಕಾಗದವನ್ನು ಅಂಟಿಸಿದ್ದೇವೆ: 37ಕ್ಕೆ 98.6, 38ಕ್ಕೆ 100.4, 39ಕ್ಕೆ 102.2, 40ಕ್ಕೆ 104. ಒಂದು ಡಿಗ್ರಿ ಸೆಂಟಿಗ್ರೇಡು ಏರಿದರೆ ಇತ್ತ 1.8 ಏರುವುದೆಂದು ನೆನಪಿಟ್ಟರೆ ನಡುವಿನದೆಲ್ಲವನ್ನೂ ಬಾಯಿಯಲ್ಲಿಯೇ ಹೇಳಬಹುದು. ಔಷಧವನ್ನು ಚಮಚದಲ್ಲಿ ಹಾಕುವುದನ್ನೂ ಬಿಟ್ಟೆವು. ವೈದ್ಯರ ಚಿಕ್ಕ ಚಮಚವು 5 ಮಿಲಿಲೀಟರು, ದೊಡ್ಡದು 15. ನಮ್ಮ ಅಡಿಗೆಮನೆಯ ಚಮಚಗಳು ಈ ಎರಡರಲ್ಲಿ ಯಾವ ಕುಲಕ್ಕೂ ಸೇರಿದವಲ್ಲ. ಸೀಸೆಯೊಡನೆ ಬರುವ ಗೆರೆಹಾಕಿದ ಬಟ್ಟಲನ್ನೇ ತೊಳೆದಿಟ್ಟುಕೊಂಡಿದ್ದೇವೆ. ಅಡಿಯನ್ನಾಗಲಿ ಪಾವನ್ನಾಗಲಿ ಮನೆಯಿಂದ ಹೊರಗೆ ಹಾಕಬೇಕೆಂದು ನಮಗೆ ಅನ್ನಿಸಿಲ್ಲ. ಆದರೆ ಕೆಲಸದವರಿಗೆ ಚೀಟಿಯನ್ನು ಬರೆಯುವಾಗ ‘ಅಡಿ’ ‘ಇಂಚು’ ಎಂಬ ಪದಗಳನ್ನು ಅಕ್ಷರದಲ್ಲಿಯೇ ಬರೆದು, ಕೆಳಗೆ ಮಿಲಿಮೀಟರಿನ ಲೆಕ್ಕವನ್ನೂ ಕೊಡುತ್ತೇವೆ.

ಮೋಟುಕಲ್ಲನ್ನು ಹಿತ್ತಿಲಲ್ಲಿ ನಲ್ಲಿಯ ಪಕ್ಕಕ್ಕೆ ಹಾಕಿಸಿದೆವು. ಬಟ್ಟೆ ಒಗೆಯುವುದಕ್ಕೆ ಬಹಳ ಚೆನ್ನಾಗಿದೆ. ಕಳೆದ ಬೇಸಿಗೆಯ ರಜೆಯಲ್ಲಿ ಮೊಮ್ಮಗನು ದರ್ಜಿಯ ಪಟ್ಟಿಯೊಂದನ್ನು ಹಿಡಿದು ಮನೆಯ ವಸ್ತುಗಳನ್ನೆಲ್ಲ ಅಳೆಯುತ್ತ ಬಂದು, ಅದನ್ನೂ ಅಳೆದು, “ತಾತಾ, ಇದು ನೂರ ಇಪ್ಪತ್ತೈದು” ಎಂದು ಕೂಗಿದನು.

“ನೂರ ಇಪ್ಪತ್ತೈದು ಏನು?” ಎಂದು ಒಳಗಿನಿಂದ ಅವನ ಅಜ್ಜಿಯೇ ಕೇಳಿದರು.