ತಪ್ಪಿಲ್ಲದ ಪುಟ

ಮೈಸೂರಿನ ಸರಸ್ವತಿಪುರದ ಮನೆಯೊಂದರಲ್ಲಿ ರಾತ್ರಿ ಹನ್ನೊಂದಾದರೂ ದೀಪ ಆರಿಲ್ಲವೆಂದು ಭಾವಿಸೋಣ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಸಮಾಜವಿಜ್ಞಾನದ ಟಿಪ್ಪಣಿಯನ್ನು ಮೂರನೆಯ ಬಾರಿ ಬರೆಯುತ್ತಿದ್ದಾಳೆ. ಮೊದಲ ಪ್ರತಿಯಲ್ಲಿ ಎರಡು ಮಾತುಗಳನ್ನು ಹೊಡೆದುಹಾಕಿದ್ದ ಗುರುತಿತ್ತು. ಎರಡನೆಯದರಲ್ಲಿ ಸಾಲು ತುಸು ಓರೆಯಾಗಿತ್ತು. ಎರಡನ್ನೂ ಹರಿದುಹಾಕಿದ್ದಾಳೆ. “ಸಾಕು, ಮಲಗಮ್ಮ” ಎಂದು ಅಜ್ಜಿ ಎರಡು ಸಲ ಬಂದು ಹೇಳಿ ಹೋಗಿದ್ದಾರೆ. ನಾಳಿನ ಕಿರುಪರೀಕ್ಷೆಗೆ ಓದಬೇಕಾದುದು ಹಾಗೆಯೇ ಉಳಿದಿದೆ. ಎದೆ ಡವಗುಟ್ಟುತ್ತಿದೆ, ಅಂಗೈ ಬೆವರಿದೆ. ನೋಡಿದವರು ಇವಳನ್ನು ಶ್ರದ್ಧಾವಂತೆ ಎನ್ನುತ್ತಾರೆ. ಶ್ರದ್ಧೆಯು ಕೆಲಸವನ್ನು ಮುಂದಕ್ಕೆ ಒಯ್ಯುವ ಗುಣ. ಇಲ್ಲಿಯಾದರೋ ಕೆಲಸ ನಿಂತಲ್ಲಿಯೇ ನಿಂತಿದೆ.

ಇಂತಹ ಸ್ಥಿತಿಯನ್ನು ಮನಃಶಾಸ್ತ್ರಜ್ಞರು ಪರಿಪೂರ್ಣತೆಯ ಹಂಬಲ ಎಂದು ಕರೆಯುತ್ತಾರೆ. ಚೆನ್ನಾಗಿ ಮಾಡಬೇಕೆಂಬ ಆಸೆ ದೋಷವಲ್ಲ. ಆದರೆ ತನ್ನ ಬೆಲೆಯೆಲ್ಲವೂ ತಾನು ಪಡೆಯುವ ಫಲದಲ್ಲಿಯೇ ಇದೆಯೆಂದು ಮನುಷ್ಯನು ನಂಬಿದಾಗ, ಆ ಆಸೆ ಆತಂಕವಾಗಿ ಕಾಡತೊಡಗುತ್ತದೆ. ರೋಜ್ ಶಫ್ರಾನ್ ಮತ್ತು ಸಂಗಡಿಗರು 2002ರಲ್ಲಿ ಇದನ್ನೇ ಈ ತೊಂದರೆಯ ತಿರುಳೆಂದು ವಿವರಿಸಿದರು. 625ಕ್ಕೆ 625 ಅಂಕ ಪಡೆದವರ ಭಾವಚಿತ್ರಗಳನ್ನಷ್ಟೇ ನೋಡುತ್ತ ಬೆಳೆಯುವ ಮಕ್ಕಳಲ್ಲಿ ಈ ನಂಬಿಕೆ ಬೇರೂರಿದರೆ ತಪ್ಪು ಕೇವಲ ಮಕ್ಕಳದಲ್ಲ.

ಮೈಸೂರಿಗೆ ಮನಃಶಾಸ್ತ್ರ ಹೊಸದೇನೂ ಅಲ್ಲ. 1924ರಲ್ಲಿಯೇ ಮಹಾರಾಜ ಕಾಲೇಜಿನಲ್ಲಿ ಅದರ ವಿಭಾಗ ಆರಂಭವಾಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದರ ಮುಖ್ಯಸ್ಥರಾಗಿದ್ದರು. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದವರೆಂದು ಜನ ಇಂದು ಅವರನ್ನು ಹೆಚ್ಚಾಗಿ ನೆನೆಯುತ್ತಾರೆ. ಆದರೆ ಆತಂಕಕ್ಕೆ ಇಂದು ವಿಶೇಷವಾಗಿ ಬಳಕೆಯಲ್ಲಿರುವ ‘ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ’, ಅಂದರೆ ಆಲೋಚನೆ ಮತ್ತು ವರ್ತನೆಗಳನ್ನು ತಿದ್ದುವ ಚಿಕಿತ್ಸೆ, ರೂಪುಗೊಂಡದ್ದು ಆನಂತರ. ಅಮೆರಿಕದಲ್ಲಿ 1950ರ ದಶಕದಲ್ಲಿ ಆಲ್ಬರ್ಟ್ ಎಲ್ಲಿಸ್, 1960ರ ದಶಕದಲ್ಲಿ ಏರನ್ ಬೆಕ್ ಇದಕ್ಕೆ ತಳಹದಿ ಹಾಕಿದರು. ಖಿನ್ನರಾದ ರೋಗಿಗಳ ಮನಸ್ಸಿನಲ್ಲಿ ಕರೆಯದೆ ಬರುವ ಆಲೋಚನೆಗಳ ಸಾಲೊಂದು ಹರಿಯುತ್ತಿರುವುದನ್ನು ಬೆಕ್ ಗಮನಿಸಿದರು. ಅವು ಎಷ್ಟು ಬೇಗ ಬಂದುಹೋಗುತ್ತವೆಂದರೆ, ಅವನ್ನು ಆಲೋಚನೆಗಳೆಂದು ಗುರುತಿಸದೆ ಸತ್ಯವೆಂದೇ ಮನುಷ್ಯನು ಒಪ್ಪಿಬಿಡುತ್ತಾನೆ.

ನಮ್ಮ ಹುಡುಗಿ ಆಪ್ತಸಮಾಲೋಚಕಿಯ ಬಳಿಗೆ ಹೋದಳೆನ್ನೋಣ. ಅವರು ಮೊದಲು ಒಂದು ಪುಸ್ತಕದಲ್ಲಿ ಗೆರೆ ಎಳೆದು ಬರೆಯಲು ಹೇಳುತ್ತಾರೆ: ಏನು ನಡೆಯಿತು, ಆಗ ಮನಸ್ಸಿಗೆ ಏನು ಹೊಳೆಯಿತು, ಅದನ್ನು ನೂರಕ್ಕೆ ಎಷ್ಟು ಪಾಲು ನಂಬಿದೆ. “ಒಂದು ತಪ್ಪಾದರೂ ನಾನು ಕೆಲಸಕ್ಕೆ ಬಾರದವಳು” ಎಂದು ಬರೆದು ಅವಳು ಎದುರಿಗೆ ತೊಂಬತ್ತು ಎಂದು ಗುರುತು ಹಾಕುತ್ತಾಳೆ.

“ನಿಮ್ಮ ಅಜ್ಜಿ ರಂಗೋಲಿ ಹಾಕುವಾಗ ಎಳೆ ತಪ್ಪಿದರೆ ಏನು ಮಾಡುತ್ತಾರಮ್ಮ?”

“ಅಷ್ಟನ್ನು ಬೆರಳಿನಿಂದ ಒರಸಿ ಮುಂದೆ ಎಳೆಯುತ್ತಾರೆ, ಮೇಡಂ.”

“ಅವರಿಗೆ ರಂಗೋಲಿಯೇ ಬರುವುದಿಲ್ಲ ಎಂದು ನಿನಗೆ ಅನ್ನಿಸಿದೆಯೆ?”

ಹುಡುಗಿ ನಗುತ್ತಾಳೆ. ಇದು ಸಮಾಧಾನದ ಮಾತೂ ಅಲ್ಲ, ‘ಒಳ್ಳೆಯದನ್ನೇ ಯೋಚಿಸು’ ಎಂಬ ಉಪದೇಶವೂ ಅಲ್ಲ. ನಂಬಿಕೆಗೆ ಆಧಾರವೇನು, ವಿರುದ್ಧವಾದುದೇನು ಎಂದು ಅವಳೇ ವಿಚಾರಿಸುವಂತೆ ಮಾಡುವ ಕ್ರಮ.

ವಿಚಾರವೊಂದೇ ಸಾಲದು. ಪುಟವನ್ನು ಹರಿದು ಮತ್ತೆ ಬರೆದಾಗಲೆಲ್ಲ ಅವಳಿಗೆ ಕ್ಷಣಕಾಲ ನೆಮ್ಮದಿ ದೊರೆಯುತ್ತದೆ. ಆ ನೆಮ್ಮದಿಯೇ ಇಲ್ಲಿ ಮೋಸಗಾರ. ಮತ್ತೆ ಬರೆದದ್ದರಿಂದಲೇ ಅಪಾಯ ತಪ್ಪಿತೆಂದು ಮನಸ್ಸು ಕಲಿಯುತ್ತದೆ. ಅಪಾಯ ನಿಜವಾಗಿ ಇತ್ತೇ ಎಂಬ ಪರೀಕ್ಷೆ ಎಂದಿಗೂ ನಡೆಯುವುದಿಲ್ಲ. ಆದ್ದರಿಂದ ಈ ಚಿಕಿತ್ಸೆಯಲ್ಲಿ ಪ್ರಯೋಗ ಬರುತ್ತದೆ. ಒಂದು ಮಾತನ್ನು ಹೊಡೆದುಹಾಕಿದ ಪುಟವನ್ನೇ ಉಪಾಧ್ಯಾಯರಿಗೆ ಒಪ್ಪಿಸಬೇಕು. ಏನಾಗುವುದೆಂಬ ಊಹೆಯನ್ನು ಮೊದಲೇ ಬರೆದಿಡಬೇಕು. ಮೊದಲ ದಿನ ಆತಂಕ ಹೆಚ್ಚುತ್ತದೆ. ಇದನ್ನು ಮುಚ್ಚಿಡಬಾರದು, ಏಕೆಂದರೆ ಇಲ್ಲಿಯೇ ಅನೇಕರು ಹಿಂದೆಗೆಯುತ್ತಾರೆ.

ಸಾಮಾನ್ಯವಾಗಿ ವಾರಕ್ಕೊಂದು ಭೇಟಿಯಂತೆ ಕೆಲವು ತಿಂಗಳು ಇದು ನಡೆಯುತ್ತದೆ. ಎಲ್ಲರಿಗೂ ಒಂದೇ ಸಮನಾಗಿ ಫಲಿಸುವುದಿಲ್ಲ. ಕೆಲವರಿಗೆ ಮನೋವೈದ್ಯರ ಔಷಧವೂ ಬೇಕಾಗುತ್ತದೆ. ಎಲ್ಲಿ ವಿಚಾರಿಸಬೇಕೆಂದು ತಿಳಿಯದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ಹುಡುಗಿ ಪುಟವನ್ನು ಒಪ್ಪಿಸಿದಳು. “ಎಲ್ಲರೆದುರು ಬಯ್ಯುತ್ತಾರೆ” ಎಂಬುದು ಅವಳ ಊಹೆಯಾಗಿತ್ತು. ಉಪಾಧ್ಯಾಯರು ಹೊಡೆದುಹಾಕಿದ ಮಾತನ್ನು ನೋಡಿಯೂ ನೋಡದವರಂತೆ ದಾಟಿ, ಕೆಳಗೆ ಸಹಿ ಮಾಡಿ ಪುಸ್ತಕವನ್ನು ಹಿಂದಿರುಗಿಸಿದರು. ಅಂದು ಸಂಜೆ ಅವಳು ತೊಂಬತ್ತನ್ನು ಅಳಿಸಿ ಎಪ್ಪತ್ತು ಎಂದು ಬರೆದಳು. ಮುಂದಿನ ವಾರದ ಪ್ರಯೋಗ, ಹತ್ತು ಗಂಟೆಗೆ ದೀಪ ಆರಿಸುವುದು.