ಬಂದಳಿಕೆಯ ಜಕ್ಕಿಯಬ್ಬೆ

ನಮ್ಮ ಸೊರಬ, ಶಿಕಾರಿಪುರದ ಸೀಮೆಯಲ್ಲಿ ಹೆಂಡತಿಯನ್ನು ನೆನೆಯುವ ಕಲ್ಲುಗಳಿಗೆ ಬರವಿಲ್ಲ. ಕೆರೆ ಏರಿಯ ಮೇಲೆ, ಊರ ಬಾಗಿಲಲ್ಲಿ, ಗದ್ದೆ ಬದುವಿನ ಪೊದೆಯೊಳಗೆ ಮಾಸ್ತಿಕಲ್ಲುಗಳು ನಿಂತಿವೆ. ಮೇಲೆತ್ತಿದ ತೋಳು, ಮುಂಗೈ ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಗಂಡ ಸತ್ತ, ಇವಳೂ ಚಿತೆ ಏರಿದಳು. ಬದುಕಿದ್ದಾಗ ಅವಳು ಏನು ಕಟ್ಟಿದಳು, ಯಾರಿಗೆ ಆಸರೆಯಾದಳು? ಅಂಥ ಕಲ್ಲುಗಳಲ್ಲಿ ಎಷ್ಟೋ ಅದನ್ನು ಹೇಳುವುದೇ ಇಲ್ಲ. ಅವುಗಳ ಮುಂದೆ ಅರಿಸಿನ ಕುಂಕುಮ ಇಟ್ಟು ಕೈ ಮುಗಿದವಳು ನಾನು. ಮುಗಿಯುವಾಗೆಲ್ಲ ಕರುಳು ಹಿಂಡಿದಂತಾಗುತ್ತದೆ.

ಅದಕ್ಕೇ ಜಕ್ಕಿಯಬ್ಬೆ ನನಗೆ ಹತ್ತಿರದವಳು.

ನನ್ನ ತವರು ಆನವಟ್ಟಿ ಕಡೆ, ಕೊಟ್ಟ ಮನೆ ಶಿರಾಳಕೊಪ್ಪದ ಕಡೆ. ಬಂದಳಿಕೆ ಎಂದರೆ ನಮ್ಮ ಮನೆಯವರಿಗೆ ಬನಶಂಕರಿ ಅಮ್ಮನ ಊರು. ಹಣ್ಣುಕಾಯಿ ಮಾಡಿಸಿ ತಿರುಗಿ ಬಿಡುತ್ತಾರೆ. ಅಲ್ಲೇ ಇರುವ ಸೋಮೇಶ್ವರ, ತ್ರಿಮೂರ್ತಿ ನಾರಾಯಣ ಗುಡಿಗಳನ್ನಾದರೂ ಕೆಲವರು ನೋಡುತ್ತಾರೆ, ಶಾಂತಿನಾಥ ಬಸದಿಯ ಕಡೆ ಹೋಗುವವರು ಕಡಿಮೆ. ಶಿಕಾರಿಪುರದ ಹೆಣ್ಣು ಎಂದೊಡನೆ ಉಡುತಡಿಯ ಅಕ್ಕಮಹಾದೇವಿ ನೆನಪಾಗುವುದು ಸಹಜ. ಅಕ್ಕನಿಗಿಂತ ಇನ್ನೂರು ವರ್ಷ ಮೊದಲೇ ಇದೇ ಮಣ್ಣಿನಲ್ಲಿ ಇನ್ನೊಬ್ಬಳಿದ್ದಳು.

ಹತ್ತನೆಯ ಶತಮಾನದ ಆರಂಭ. ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಆಳ್ವಿಕೆ. ಬನವಾಸಿ ಹನ್ನೆರಡು ಸಾಸಿರ ಎಂಬ ಪ್ರಾಂತ ಮಹಾಸಾಮಂತ ಕಲಿವಿಟ್ಟರಸನ ಕೈಯಲ್ಲಿತ್ತು. ಅದರೊಳಗಿನ ಒಂದು ನಾಡು ನಾಗರಖಂಡ ಎಪ್ಪತ್ತು. ಅದಕ್ಕೆ ನಾಳ್ಗಾವುಂಡ, ಅಂದರೆ ನಾಡಿನ ಯಜಮಾನ, ಸತ್ತರಸ ನಾಗಾರ್ಜುನ. 911ರ ಹೊತ್ತಿಗೆ ಅವನು ತೀರಿಕೊಂಡ. ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಒಪ್ಪಿಸಿದರು.

ಇದು ಸುಮ್ಮನೆ ಕೊಟ್ಟ ಮರ್ಯಾದೆಯಲ್ಲ. ನಾಳ್ಗಾವುಂಡನಾದವನು ನಾಡಿನ ತೆರಿಗೆ ಎತ್ತಬೇಕು, ದತ್ತಿ ಬಿಟ್ಟ ಭೂಮಿಗೆ ಸಾಕ್ಷಿಯಾಗಬೇಕು, ವ್ಯಾಜ್ಯ ಬಂದರೆ ಕೂತು ಬಗೆಹರಿಸಬೇಕು, ಊರಿನ ಮೇಲೆ ಯಾರಾದರೂ ಏರಿ ಬಂದರೆ ಜನ ಕೂಡಿಸಬೇಕು. ಇವಳು ಅದನ್ನು ಸುಮಾರು ಏಳು ವರ್ಷ ಮಾಡಿದಳು. ಬಂದಳಿಕೆಯ ಶಾಸನ ಅವಳ ಚೆಲುವನ್ನು ಹೊಗಳುತ್ತದೆ, ಜಿನಭಕ್ತಿಯನ್ನು ಹೊಗಳುತ್ತದೆ. ಅದರ ಜೊತೆಗೇ ಆಡಳಿತದಲ್ಲಿ ಅವಳು ಸಮರ್ಥೆ, ತನ್ನ ಶೌರ್ಯದಿಂದಲೇ ನಾಗರಖಂಡವನ್ನು ಕಾಪಾಡಿದವಳು ಎನ್ನುತ್ತದೆ. ಒಬ್ಬ ಹೆಂಡತಿಯ ಬಗ್ಗೆ ಈ ಮಾತನ್ನು ಕಲ್ಲಿನಲ್ಲಿ ಕಡೆಸಿದರಲ್ಲ, ಅದು ನನಗೆ ದೊಡ್ಡದು. ಅವಳ ಕೆಲಸವನ್ನು ಕಣ್ಣಾರೆ ಕಂಡ ಜನ ಆಗ ಇನ್ನೂ ಬದುಕಿದ್ದರು.

ಆಮೇಲೆ ಮೈಗೆ ರೋಗ ಹತ್ತಿತು. ಇನ್ನು ಉಳಿಯುವುದಿಲ್ಲವೆಂದು ತಿಳಿದ ಮೇಲೆ ಮಗಳನ್ನು ಕರೆಸಿ ತನ್ನದನ್ನೆಲ್ಲ ಒಪ್ಪಿಸಿದಳು. 918ರಲ್ಲಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತ ಹಿಡಿದು, ಜೈನರ ಕ್ರಮದಂತೆ ಆಹಾರ ಬಿಟ್ಟು ದೇಹ ಇಳಿಸಿದಳು. ತಾಯಿಯಿಂದ ಮಗಳಿಗೆ! ಗಂಡನ ಚಿತೆಯ ಜೊತೆ ಮುಗಿಯದ ಬದುಕು ಹೀಗೆ ಮುಂದೆ ಹರಿಯಿತು.

ತವರಿನ ಕಡೆಯವಳೊಬ್ಬಳನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕುಬಟೂರು ಎಂದರೆ ಎಲ್ಲರೂ ಕೈಟಭೇಶ್ವರ ಗುಡಿ ನೋಡಲು ಹೋಗುತ್ತಾರೆ. ಶಾಸನಗಳ ಕುಪ್ಪಟೂರು ಇದೇ. 1070ರ ದಶಕದಲ್ಲಿ ಬನವಾಸಿಯ ಕದಂಬ ಕೀರ್ತಿದೇವನ ಪಟ್ಟದರಸಿ ಮಾಳಲದೇವಿ ಇಲ್ಲಿ ಪಾರ್ಶ್ವನಾಥನಿಗೆ ಚೈತ್ಯಾಲಯ ಕಟ್ಟಿಸಿದಳು. ಪದ್ಮನಂದಿ ಸಿದ್ಧಾಂತದೇವರಿಂದ ಪ್ರತಿಷ್ಠೆಯಾಯಿತು. ಕಟ್ಟಿಸಿದ ರಾಣಿಯರು ಬೇಕಾದಷ್ಟಿದ್ದಾರೆ. ಇವಳು ಮುಂದೆ ಮಾಡಿದ್ದನ್ನು ಕೇಳಿ. ಊರಿನ ಬ್ರಾಹ್ಮಣರನ್ನು ಕರೆದು ಸತ್ಕರಿಸಿ, ಅವರ ಬಾಯಿಂದಲೇ ಆ ಬಸದಿಗೆ ಬ್ರಹ್ಮಜಿನಾಲಯ ಎಂದು ಹೆಸರಿಡಿಸಿದಳು. ಬೇರೆ ದೇವರಿಗೆ ನಡೆದುಕೊಳ್ಳುವ ನೆರೆಯವರ ಕೈಗೇ ನಾಮಕರಣ ಕೊಟ್ಟಳೆಂದರೆ, ನಾಳೆ ಈ ಗುಡಿ ಅವರದ್ದೂ ಆಗಬೇಕು ಎಂಬ ಯೋಚನೆ ಅವಳಿಗಿತ್ತು ಎಂದೇ ನಾನು ನಂಬಿದ್ದೇನೆ. ಕಲ್ಲು ಕಂಬ ನಿಲ್ಲಿಸುವುದಕ್ಕಿಂತ ಕಷ್ಟದ ಕಟ್ಟಡ ಅದು.

ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ಬಂದಳಿಕೆಯ ಬಸದಿಗೆ ಕರೆದುಕೊಂಡು ಹೋಗಿ ಈ ಕತೆ ಹೇಳಿದ್ದೇನೆ. ಇದನ್ನು ಎಲ್ಲಿ ಓದುವುದು ಎಂದು ಅವರು ಕೇಳಿದರು, ನೀವೂ ಕೇಳಬಹುದು. ಬಿ. ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿವೆ, ಸೊರಬದವು 1904ರ ಎಂಟನೆಯದರಲ್ಲಿ. ಜಕ್ಕಿಯಬ್ಬೆ ಏಳನೆಯದರಲ್ಲಿ ಸಿಗುತ್ತಾಳೆ, ಮಾಳಲದೇವಿ ಎಂಟನೆಯದರಲ್ಲಿ.