ಹೆಸರು ಕಾಣದ ಕಂಠಗಳು

ಕಾಶೀಯಾತ್ರೆ ಕೈಗೊಂಡ ಕನ್ನಡಿಗನಿಗೆ ಕೇದಾರ ಘಾಟ್ ಅಪರಿಚಿತ ಸ್ಥಳವೆನಿಸುವುದಿಲ್ಲ. ಕೆಂಪು ಬಿಳಿ ಪಟ್ಟೆ ಬಳಿದ ಮೆಟ್ಟಿಲುಗಳು, ಅವುಗಳ ನೆತ್ತಿಯ ಮೇಲೆ ಕೇದಾರೇಶ್ವರನ ಗುಡಿ, ಸಮೀಪದಲ್ಲಿಯೇ 17ನೆಯ ಶತಮಾನದ ತಮಿಳು ಸಂತ ಕುಮಾರಗುರುಪರರು ನೆಲೆಗೊಳಿಸಿದ ಮಠ, ಇವೆಲ್ಲ ಕೂಡಿ ಉತ್ತರದ ನೆಲದಲ್ಲಿ ದಕ್ಷಿಣದ ಒಂದು ಕೇರಿಯನ್ನೇ ನಿರ್ಮಿಸಿವೆ. ಅಲ್ಲಿಂದ ದಕ್ಷಿಣಕ್ಕೆ ಕೆಲವೇ ಘಾಟುಗಳನ್ನು ದಾಟಿದರೆ ಹರಿಶ್ಚಂದ್ರ ಘಾಟ್; ಅದರಾಚೆ ಕರ್ನಾಟಕ ಘಾಟ್. ರಾಘವಾಂಕನ ಕಾವ್ಯವನ್ನು ಬಲ್ಲವರಿಗೆ, ಹೆಂಡತಿ ಮಕ್ಕಳನ್ನೂ ಕೊನೆಗೆ ತನ್ನನ್ನೂ ಮಾರಿಕೊಂಡ ಅರಸನ ಕಥೆ ಇಲ್ಲಿ ನೆನಪಾಗದೆ ಇರದು. ಆತನು ದೇಹವನ್ನು ವಿಕ್ರಯಿಸಿದನೇ ಹೊರತು ಹೆಸರನ್ನು ವಿಕ್ರಯಿಸಲಿಲ್ಲ. ಇದೇ ನಗರದ ಹಾಗೂ ಇತರ ನಗರಗಳ ಅನೇಕ ಗಾಯಕಿಯರಿಗೆ ಆ ಭಾಗ್ಯವೂ ದೊರೆಯಲಿಲ್ಲವೆಂಬುದೇ ಈ ಲೇಖನದ ವಿಷಯ.

ಹಿಂದೆ ಹೋಳಿ ಹಬ್ಬದ ನಂತರದ ಮಂಗಳವಾರ ಕಾಶಿಯ ಗಂಗೆಯ ಮೇಲೆ ‘ಬುಢವಾ ಮಂಗಲ್’ ಎಂಬ ಉತ್ಸವ ನಡೆಯುತ್ತಿತ್ತು. ಅಲಂಕರಿಸಿದ ದೊಡ್ಡ ದೋಣಿಗಳಲ್ಲಿ ದೀಪಗಳು, ಗಾದಿಗಳು, ಸಾರಂಗಿ ತಬಲಾಗಳ ನಡುವೆ ಠುಮ್ರಿ, ಚೈತಿ ಹಾಡುವ ಗಾಯಕಿಯರು. ದೋಣಿಯೊಳಗಿನ ಶ್ರೀಮಂತರಿಗೆ ಹಾಡುವವಳ ಮುಖವೂ ಹೆಸರೂ ಗೊತ್ತು. ಮೆಟ್ಟಿಲ ಮೇಲೆ ಕುಳಿತ ಸಾಮಾನ್ಯನಿಗೆ ದೊರೆಯುತ್ತಿದ್ದುದು ನೀರಿನ ಮೇಲೆ ತೇಲಿಬರುವ ದನಿಯೊಂದೇ. ‘ಹಾಡುತ್ತಿರುವವಳು ಯಾರು?’ ಎಂಬ ಪ್ರಶ್ನೆಯನ್ನು ಗ್ರಾಮಫೋನ್ ಹುಟ್ಟುಹಾಕಲಿಲ್ಲ. ಅದನ್ನು ಊರೂರಿಗೆ ಹಂಚಿತು, ಅಷ್ಟೆ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಭಾರತದ ಮೊದಲ ವಾಣಿಜ್ಯ ಧ್ವನಿಮುದ್ರಣಗಳನ್ನು ಮಾಡಿದನು. ಮೇಣದ ಮೂಲಪ್ರತಿಗಳು ಹಡಗೇರಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕು, ಅಲ್ಲಿ ತಟ್ಟೆಗಳಾಗಿ ಅಚ್ಚೊತ್ತಿ ಮರಳಬೇಕು. ಅಲ್ಲಿನ ಕಾರ್ಮಿಕರಿಗೆ ಭಾಷೆಯೂ ತಿಳಿಯದು, ಗಾಯಕಿಯೂ ತಿಳಿಯಳು. ಆದುದರಿಂದ ಹಾಡಿನ ಕೊನೆಯಲ್ಲಿ ಗಾಯಕಿಯೇ ತನ್ನ ಹೆಸರನ್ನು ಸಾರಿ ಹೇಳುವ ರೂಢಿ ಬಂದಿತು. ಗೌಹರ್ ಜಾನ್ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಠೀವಿಯಿಂದ ಘೋಷಿಸುವುದನ್ನು ಹಳೆಯ ತಟ್ಟೆಗಳಲ್ಲಿ ಇಂದಿಗೂ ಕೇಳಬಹುದು. ಬ್ಯಾಂಕಿನ ಚೆಕ್ಕಿಗೆ ರುಜು ಹೇಗೋ, ಹಾಡಿಗೆ ಈ ಘೋಷಣೆ ಹಾಗೆ.

ಗೌಹರ್ ಜಾನಳ ಜೀವನದ ಎರಡು ತುದಿಗಳು ನಮ್ಮ ಆಸಕ್ತಿಗೆ ತಕ್ಕಂತಿವೆ. 1873ರಲ್ಲಿ ಆಜಂಗಢದಲ್ಲಿ ಏಂಜಲಿನಾ ಯೋವರ್ಡ್ ಎಂಬ ಕ್ರೈಸ್ತ ಹೆಸರಿನಲ್ಲಿ ಹುಟ್ಟಿದ ಬಾಲಕಿ, ತಂದೆತಾಯಿಗಳು ಬೇರ್ಪಟ್ಟ ಮೇಲೆ, 1881ರಲ್ಲಿ ತಾಯಿಯೊಡನೆ ಕಾಶಿಗೆ ಬಂದಳು. ಅಲ್ಲಿಯೇ ಇಬ್ಬರೂ ಇಸ್ಲಾಂ ಮತವನ್ನು ಸ್ವೀಕರಿಸಿ, ತಾಯಿ ಮಲಕಾ ಜಾನ್, ಮಗಳು ಗೌಹರ್ ಜಾನ್ ಆದರು. ಎರಡು ವರ್ಷಗಳ ನಂತರ ಕಲ್ಕತ್ತೆ, ಅನಂತರ ಅಪಾರ ಕೀರ್ತಿ, ಅಪಾರ ಸಂಪತ್ತು, ವ್ಯಾಜ್ಯಗಳಲ್ಲಿ ಕರಗಿಹೋದ ಐಶ್ವರ್ಯ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಆಸ್ಥಾನ ಗಾಯಕಿಯಾಗಿ ಮೈಸೂರಿಗೆ ಬಂದ ಆಕೆ 1930ರ ಜನವರಿ 17ರಂದು ಅಲ್ಲಿಯೇ ಕಣ್ಮುಚ್ಚಿದಳು. ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಮೈಸೂರು ಅರಮನೆಯ ಕಡತಗಳಲ್ಲಿ ಆಕೆಯ ಜಾಡು ಹಿಡಿದು 2010ರಲ್ಲಿ ಸಮಗ್ರ ಜೀವನಚರಿತ್ರೆಯನ್ನು ಪ್ರಕಟಿಸಿದರು. ತಟ್ಟೆಯ ಕೊನೆಯಲ್ಲಿ ಕೂಗಿ ಹೇಳಿದ ಹೆಸರಿನ ಹಿಂದಿದ್ದ ಮನುಷ್ಯಳನ್ನು ಗುರುತಿಸಲು ಅಷ್ಟು ಕಾಲ ಬೇಕಾಯಿತು.

ಹೆಸರು ನಮೂದಾದೊಡನೆ ಗುರುತು ಸಿಕ್ಕಿತೆಂದು ಭಾವಿಸುವುದೂ ತಪ್ಪು. ಜಾನಕೀಬಾಯಿ ತಟ್ಟೆಗಳಲ್ಲಿ ಅಲಹಾಬಾದಿನವಳು, ಹುಟ್ಟಿದ್ದು ಕಾಶಿಯಲ್ಲಿ. ಅಖ್ತರೀಬಾಯಿ ಫೈಜಾಬಾದಿ 1945ರಲ್ಲಿ ವಿವಾಹಿತೆಯಾದ ಬಳಿಕ ಬೇಗಂ ಅಖ್ತರ್ ಎಂದು ಹೆಸರಾದರು. ಎರಡು ಹೆಸರುಗಳೂ ಒಬ್ಬರವೇ ಎಂದು ತಿಳಿಯದವನು ಒಂದೇ ಖಾತೆಯನ್ನು ಎರಡು ಲೆಡ್ಜರುಗಳಲ್ಲಿ ಬರೆದಿಟ್ಟಾನು.

ಇದಕ್ಕಿಂತ ವಿಚಿತ್ರವಾದ ನಿದರ್ಶನ ನಮ್ಮ ಹುಬ್ಬಳ್ಳಿಯದು. 1930ರ ದಶಕದ ಆರಂಭದಲ್ಲಿ ಎಚ್.ಎಂ.ವಿ. ಸಂಸ್ಥೆ ಹೊರತಂದ ಕೆಲವು ತಟ್ಟೆಗಳಲ್ಲಿ ಹಾಡಿದವಳು ‘ಹುಬ್ಬಳ್ಳಿಯ ಗಾಂಧಾರಿ’. ದನಿ ತಾರಸ್ಥಾಯಿಯಲ್ಲಿ ಲೀಲೆಯಿಂದ ಚಲಿಸುವ ತೆಳುವಾದ ಸ್ತ್ರೀಕಂಠ. ಆಕೆ ಬೇರಾರೂ ಅಲ್ಲ, ಗಂಗೂಬಾಯಿ ಹಾನಗಲ್. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಬಳಿಕ ಅವರ ದನಿ ಮಂದ್ರಕ್ಕಿಳಿದು, ಪುರುಷಕಂಠವೆಂದು ಭ್ರಮೆ ಹುಟ್ಟಿಸುವಷ್ಟು ಗಂಭೀರವಾಯಿತು. ಜಗತ್ತು ಕೊಂಡಾಡಿದ್ದು ಆ ಎರಡನೆಯ ದನಿಯನ್ನು. ಕಿವಿಯೊಂದನ್ನೇ ನಂಬಿದವನಿಗೆ ಗಾಂಧಾರಿಯೂ ಗಂಗೂಬಾಯಿಯೂ ಒಬ್ಬರೇ ಎಂದು ಹೊಳೆಯುವ ಸಂಭವವೇ ಇಲ್ಲ. ಕಂಠ ಬದಲಾದರೂ ಸಾಧನೆ ನಿಲ್ಲಿಸದ ಆ ತಾಯಿಯ ಧೈರ್ಯವನ್ನು ಕಂಠದ ಆರೋಗ್ಯ ಕುರಿತು ಓದುವವರೂ ಗಮನಿಸಬೇಕು.

ಹಾಗಾದರೆ ಗುರುತಿಸುವುದು ಹೇಗೆ? ಈ ವಿದ್ಯೆಗೆ ಕಿವಿಯಷ್ಟೇ ಕಣ್ಣೂ ಬೇಕು. ತಟ್ಟೆಯ ನಡುವಿನ ಚೀಟಿಗೂ ಕೊನೆಯ ಗೆರೆಗೂ ನಡುವಣ ನುಣುಪಾದ ಭಾಗದಲ್ಲಿ ಮೂಲಪ್ರತಿಯ ಸಂಖ್ಯೆಯನ್ನು ಒತ್ತಿರುತ್ತಾರೆ. ಚೀಟಿ ತಪ್ಪಬಹುದು, ಆ ಸಂಖ್ಯೆ ತಪ್ಪುವುದು ವಿರಳ. ಅಕ್ಕಪಕ್ಕದ ಸಂಖ್ಯೆಗಳು ಸಾಮಾನ್ಯವಾಗಿ ಒಂದೇ ದಿನದ, ಒಂದೇ ಕೋಣೆಯ ಮುದ್ರಣಗಳು. ಅವುಗಳಲ್ಲೊಂದರ ಹೆಸರು ತಿಳಿದರೆ ಉಳಿದವುಗಳ ಸುಳಿವು ಹತ್ತುತ್ತದೆ. ಇನ್ನು ವೇಗದ ತೊಡಕು: ನಿಮಿಷಕ್ಕೆ 78 ಸುತ್ತು ಎಂಬುದು ಹಳೆಯ ತಟ್ಟೆಗಳ ಮಟ್ಟಿಗೆ ಹೆಸರಿಗೆ ಮಾತ್ರ. 74ರಲ್ಲಿ ಮುದ್ರಿತವಾದುದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರದಷ್ಟು ಏರಿ, ಪ್ರೌಢೆಯು ಬಾಲೆಯಂತೆ ಕೇಳಿಸುತ್ತಾಳೆ. ವೇಗ ಸರಿಪಡಿಸಿದ ಮೇಲೆಯೇ ಉಸಿರು ಎಳೆದುಕೊಳ್ಳುವ ಸ್ಥಾನ, ಉಚ್ಚಾರಣೆಯ ಪ್ರಾಂತೀಯತೆ, ತಾನಿನ ತಿರುವುಗಳನ್ನು ಹೋಲಿಸಿ ನೋಡಬೇಕು. 1990ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘವು ಇಂತಹ ತಾಳ್ಮೆಯ ಕಾರ್ಯಕ್ಕೆ ಒಂದು ನೆಲೆಯಾಯಿತು.

ಚಲಚ್ಚಿತ್ರ ಬಂದ ಮೇಲೆ ಹೆಸರನ್ನು ಮರೆಮಾಡುವುದೇ ವ್ಯಾಪಾರಧರ್ಮವಾಯಿತು. 1949ರ ‘ಮಹಲ್’ ಚಿತ್ರದಲ್ಲಿ ಮಧುಬಾಲಾ ಅಭಿನಯಿಸಿದ ಪ್ರಸಿದ್ಧ ಗೀತೆಯ ತಟ್ಟೆಯ ಮೇಲೆ ಗಾಯಕಿಯ ಹೆಸರೆಂದು ಅಚ್ಚಾಗಿದ್ದುದು ‘ಕಾಮಿನಿ’, ಅಂದರೆ ಕಥೆಯ ಪಾತ್ರದ ಹೆಸರು! ಕೇಳುಗರು ಆಕಾಶವಾಣಿಗೆ ಪತ್ರಗಳ ಮೇಲೆ ಪತ್ರ ಬರೆದರು. ಕೊನೆಗೆ ಧ್ವನಿಮುದ್ರಿಕೆ ಕಂಪನಿಯಿಂದ ತಿಳಿದುಕೊಂಡು ನಿಜವಾದ ಹೆಸರನ್ನು ಪ್ರಸಾರ ಮಾಡಬೇಕಾಯಿತು. ಇಪ್ಪತ್ತರ ತರುಣಿ ಲತಾ ಮಂಗೇಶ್ಕರ್ ಹೆಸರು ಹೀಗೆ ಮನೆಮನೆಗೆ ತಲಪಿತು.

ಇದನ್ನು ನಮ್ಮ ದೇಶದ ಹಿಂದುಳಿದಿರುವಿಕೆ ಎಂದು ಹಳಿಯುವವರು ಇಟಲಿಯ ಕಡೆ ನೋಡಬೇಕು. 1980ರ ದಶಕದಲ್ಲಿ ಅಲ್ಲಿಯ ನೃತ್ಯಸಂಗೀತ ಯೂರೋಪಿನಾದ್ಯಂತ ಹರಡಿದಾಗ ‘ಡೆನ್ ಹ್ಯಾರೋ’ ಎಂಬ ತಾರೆ ಮೆರೆದನು. ವೇದಿಕೆಯ ಮೇಲೆ ತುಟಿಯಾಡಿಸಿದವನು ರೂಪವಂತನಾದ ಸ್ಟೆಫಾನೋ ಜಾಂಡ್ರಿ. ಹಲವು ಜನಪ್ರಿಯ ಗೀತೆಗಳಲ್ಲಿ ಹಾಡಿದವನು ಅಮೆರಿಕದ ಟಾಮ್ ಹೂಕರ್. ಇಟಾಲಿಯನ್ ಭಾಷೆಯಲ್ಲಿ ‘ದೆನಾರೊ’ ಎಂದರೆ ಹಣ. ತಾರೆಯ ಹೆಸರು ಆ ಶಬ್ದದ ಮೇಲಿನ ಶ್ಲೇಷೆ. ಇದಕ್ಕಿಂತ ಪ್ರಾಮಾಣಿಕವಾದ ನಾಮಕರಣ ವಾಣಿಜ್ಯ ಪ್ರಪಂಚದಲ್ಲಿ ಅಪರೂಪ! 1989ರಲ್ಲಿ ‘ಬ್ಲ್ಯಾಕ್ ಬಾಕ್ಸ್’ ತಂಡದ ‘ರೈಡ್ ಆನ್ ಟೈಮ್’ ಬ್ರಿಟನ್ನಿನಲ್ಲಿ ಆರು ವಾರ ಪ್ರಥಮ ಸ್ಥಾನದಲ್ಲಿತ್ತು. ತೆರೆಯ ಮೇಲೆ ಫ್ರೆಂಚ್ ರೂಪದರ್ಶಿ. ಕಂಠವೋ ಲೊಲಿಯಾಟಾ ಹಾಲೋವೇ ಎಂಬ ಅಮೆರಿಕದ ಗಾಯಕಿ 1980ರಲ್ಲಿ ಹಾಡಿದ ಬೇರೊಂದು ಗೀತೆಯಿಂದ ಕತ್ತರಿಸಿದ್ದು. ಆಕೆ ನ್ಯಾಯ ಕೇಳಿ ಪರಿಹಾರ ಪಡೆದಳು. ಅದೇ ತಂಡಕ್ಕೆ ಹಾಡಿಯೂ ಹೆಸರು ಪಡೆಯದ ಮಾರ್ಥಾ ವಾಶ್ ಕೂಡ ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ರಾಜಿಯ ಫಲವಾಗಿ ಹಣದೊಡನೆ ಸ್ವಂತ ಹೆಸರಿನಲ್ಲಿ ಹಾಡುವ ಒಪ್ಪಂದವೂ ದೊರೆಯಿತು.

ನಮ್ಮ ಗಾಯಕಿಯರಲ್ಲಿ ಬಹುಮಂದಿಗೆ ಅಂತಹ ದಾರಿ ಇರಲಿಲ್ಲ. ಹಾಡಿದ ದಿನದ ಸಂಭಾವನೆಗೆ ಹೆಬ್ಬೆಟ್ಟೊತ್ತಿ ಮನೆಗೆ ನಡೆದವರು ಎಷ್ಟೋ ಮಂದಿ. ಅವರ ಲೆಕ್ಕವನ್ನು ಹಣದಲ್ಲಿ ತೀರಿಸುವ ಕಾಲ ಮೀರಿದೆ, ಹೆಸರಿನಲ್ಲಿ ತೀರಿಸಲು ಮಾತ್ರ ಸಾಧ್ಯ. ಊರಿನ ಹಳೆಯ ಮನೆಗಳ ಅಟ್ಟದಲ್ಲಿ ಅಂತಹ ತಟ್ಟೆಗಳು ಇನ್ನೂ ಉಳಿದಿರಬಹುದು. ರಜೆಯಲ್ಲಿ ಊರಿಗೆ ಹೋಗುವ ಸದಸ್ಯರು ಅವುಗಳನ್ನು ಗುಜರಿಗೆ ಹಾಕುವ ಮೊದಲು ಚೀಟಿಯ ಬರೆಹವನ್ನೂ ಅದರ ಸುತ್ತಲಿನ ಸಂಖ್ಯೆಯನ್ನೂ ಕಾಗದದ ಚೀಲದ ಮೇಲೆ ಅಜ್ಜನೋ ಅಜ್ಜಿಯೋ ಗೀಚಿದ ಟಿಪ್ಪಣಿಯನ್ನೂ ಬರೆದುಕೊಳ್ಳಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡುವುದು ಲೇಸು. ಅವುಗಳಲ್ಲಿರುವುದು ಅರಗು, ಕಾಶಿಯ ನೆರೆಯ ಮಿರ್ಜಾಪುರ ಒಂದು ಕಾಲಕ್ಕೆ ಹೆಸರು ಗಳಿಸಿದ್ದು ಅದರ ವ್ಯಾಪಾರದಿಂದಲೇ. ಸ್ಪಿರಿಟ್ ಸೋಕಿದರೆ ಅರಗು ಕರಗುತ್ತದೆ. ಧೂಳನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ, ಗೆರೆಗಳ ಗುಂಟ ಒರೆಸಿದರೆ ಸಾಕು.